ಅಟ್ಟ ಹತ್ತಿದ ವೈರು

‘ಮನೇಲಿ ಎಲ್ಲಾದ್ರೂ ಎಕ್ಸ್‌ಟೆನ್ಷನ್ ಎಳ್ದದ್ದು ಇದ್ಯಾ ಸರ್?’ ಎಂದು ಲೈನ್‌ಮನ್ ಕೇಳಿದ.

‘ಇಲ್ಲ’ ಅಂದೆ.

ಅವನ ಪ್ರಶ್ನೆ ಪೂರ್ತಿ ಮುಗಿದಿರಲೂ ಇಲ್ಲ. ಇಷ್ಟು ಬೇಗ ಉತ್ತರ ಕೊಡುವವರನ್ನು ನಂಬಬಾರದು ಎಂಬುದು ನನ್ನದೇ ಸಿದ್ಧಾಂತ. ಹೊನ್ನಾವರದ ಸರ್ವೆ ಕಚೇರಿಯಲ್ಲಿ ಇಪ್ಪತ್ತೇಳು ವರ್ಷದಿಂದ ಟೇಪು ಹಿಡಿದು ಕಂಡವರ ಜಮೀನು ಅಳೆಯುತ್ತಿರುವವನು ನಾನು. ‘ಈ ಗಡಿಕಲ್ಲು ಯಾರಾದರೂ ಸರಿಸಿದ್ದಾರಾ?’ ಎಂದು ಕೇಳಿದಾಗ ತಲೆ ಕೆರೆದುಕೊಂಡು, ಯೋಚಿಸಿ ಉತ್ತರ ಹೇಳುವವನು ಸಾಮಾನ್ಯವಾಗಿ ಸಾಚಾ. ತಟ್ಟನೆ ‘ಇಲ್ಲವೇ ಇಲ್ಲ’ ಅಂದವನ ಕಲ್ಲಿನ ಬುಡದಲ್ಲಿ ಹಸಿ ಮಣ್ಣು ಇರುತ್ತದೆ.

ಈ ವಾರ ನಾನು ಬರೆಯಹೊರಟಿರುವುದು ಬ್ರಾಡ್‌ಬ್ಯಾಂಡ್ ಬಗ್ಗೆ. (ಮಾನ ಮರ್ಯಾದೆಯ ವಿಷಯ ಆಮೇಲೆ ಬರುತ್ತದೆ. ಸ್ವಲ್ಪ ತಾಳಿ.)

ಮುಟ್ಟಳ್ಳಿಯ ನಮ್ಮ ಕೇರಿಗೆ ಫೈಬರ್ ಇನ್ನೂ ಬಂದಿಲ್ಲ. ಬರುತ್ತದೆ ಬರುತ್ತದೆ ಅಂತ ಮೂರು ಸಲ ಗುಂಡಿ ತೋಡಿ ಮೂರು ಸಲ ಮುಚ್ಚಿದ್ದಾರೆ. ಮೊಬೈಲ್ ಸಿಗ್ನಲ್ ಬೇಕೆಂದರೆ ಬಾವಿಕಟ್ಟೆಗೆ ಹೋಗಿ ನಿಲ್ಲಬೇಕು. ಹಾಗಾಗಿ ನಮ್ಮ ಮನೆಯ ಇಂಟರ್‌ನೆಟ್ಟು ಇವತ್ತಿಗೂ ಹಳೇ ಲ್ಯಾಂಡ್‌ಲೈನಿನ ತಾಮ್ರದ ತಂತಿಯಲ್ಲೇ ಬರುತ್ತದೆ. ನನ್ನೊಬ್ಬನ ಮಟ್ಟಿಗಾದರೆ ಬಂದಷ್ಟು ಬರಲಿ ಎಂದು ಸುಮ್ಮನಿರುತ್ತಿದ್ದೆ. ಸಂಜೆ ಒಂದು ಯಕ್ಷಗಾನದ ವಿಡಿಯೊ ನೋಡುವವನಿಗೆ ಎಷ್ಟು ಸ್ಪೀಡು ಬೇಕು? ಭಾಗವತರು ಆಲಾಪನೆಯ ಮಧ್ಯೆ ನಿಂತರೆ ನಾನೂ ಚಹಾ ಕುಡಿದು ಬರುತ್ತೇನೆ.

ತೊಂದರೆ ಇದ್ದದ್ದು ನನ್ನ ಹೆಂಡತಿ ನೇತ್ರಾಳ ಕ್ಲಾಸಿಗೆ.

ನೇತ್ರಾ ಇಲ್ಲಿಯ ಸಣ್ಣದೊಂದು ಶಾಲೆಯಲ್ಲಿ ಹದಿನೆಂಟು ವರ್ಷ ಕನ್ನಡ ಕಲಿಸಿದವಳು. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿತು. ಆಮೇಲೆ ಆರು ತಿಂಗಳು ಅವಳು ಮನೆಯಲ್ಲಿ ಹೇಗಿದ್ದಳು ಎಂಬುದನ್ನು ನಾನು ನೋಡಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಸೀರೆ ಉಟ್ಟು ತಯಾರಾಗುತ್ತಿದ್ದಳು. ಆಮೇಲೆ ಹೋಗಲು ಎಲ್ಲಿಯೂ ಇರುತ್ತಿರಲಿಲ್ಲ. ಹೀಗಿರುವಾಗ ಒಂದು ದಿನ ಅವಳ ಹಳೇ ವಿದ್ಯಾರ್ಥಿನಿ, ಭಟ್ಕಳ ಪೇಟೆಯ ಫರೀದಾ, ದುಬೈಯಿಂದ ಫೋನ್ ಮಾಡಿದಳು.

‘ಟೀಚರ್, ನನ್ನ ಮಕ್ಕಳಿಗೆ ಕನ್ನಡ ಬರೂದಿಲ್ಲ. ಊರಿಗೆ ಬಂದ್ರೆ ಬಸ್ಸಿನ ಬೋರ್ಡು ಸಹ ಓದೂದಿಲ್ಲ. ನೀವು ಕಂಪ್ಯೂಟರಲ್ಲಿ ಕಲಿಸ್ತೀರಾ?’

ಎರಡು ಮಕ್ಕಳಿಂದ ಶುರುವಾದದ್ದು ಒಂಬತ್ತಾಯಿತು. ಎಲ್ಲರೂ ಭಟ್ಕಳದ ಮನೆಗಳವರು, ಈಗ ಎಲ್ಲರೂ ದುಬೈಯಲ್ಲಿ. ಸಂಜೆ ಐದಕ್ಕೆ ನೇತ್ರಾ ಇಸ್ತ್ರಿ ಮಾಡಿದ ಸೀರೆ ಉಟ್ಟು ಲ್ಯಾಪ್‌ಟಾಪ್ ಎದುರು ಕೂತರೆ ಮನೆಯೊಳಗೆ ಮತ್ತೆ ಶಾಲೆಯ ಗಂಟೆ ಬಾರಿಸಿದ ಹಾಗೆ. ಆ ಒಂದು ತಾಸು ನಾನು ಕೆಮ್ಮುವುದಕ್ಕೂ ಅನುಮತಿ ಬೇಕು.

ನಮ್ಮ ನೆಟ್ಟು ಮೊದಲಿನಿಂದಲೂ ಕುಂಟುತ್ತಿತ್ತು. ಜೂನ್ ಶುರುವಾಗಿ ನಾಲ್ಕು ಮಳೆ ಬಿದ್ದದ್ದೇ ತಡ, ಕಾಲು ಚಾಚಿ ಮಲಗಿಬಿಟ್ಟಿತು. ‘ಟೀಚರ್ ಫ್ರೀಜ್ ಆದ್ರು, ಟೀಚರ್ ಫ್ರೀಜ್ ಆದ್ರು’ ಎಂದು ಒಂಬತ್ತು ಮಕ್ಕಳು ಕೂಗುವುದು ಅಡುಗೆಮನೆಯ ತನಕ ಕೇಳುತ್ತಿತ್ತು. ಒಂದು ಸೋಮವಾರ ಫರೀದಾ ಬೇಸರದಿಂದಲೇ ಹೇಳಿದಳು.

‘ಟೀಚರ್, ನಿಮ್ಮ ಬಾಯಿ ಒಂದು ಕಡೆ, ಮಾತು ಒಂದು ಕಡೆ ಆಗ್ತದೆ. ಮಕ್ಕಳು ನಗ್ತಾರೆ. ಉಳಿದ ತಾಯಂದಿರು ಮಂಗಳೂರಿನ ಯಾರನ್ನೋ ನೋಡಿ ಇಟ್ಟಿದ್ದಾರೆ. ಶನಿವಾರದ ತನಕ ನಾನು ಹೇಗಾದ್ರೂ ತಡೀತೇನೆ.’

ಶನಿವಾರಕ್ಕೆ ಐದು ದಿನ.

ನನ್ನೊಳಗಿನ ಸರ್ವೇಯರ್ ಎದ್ದು ಕೂತ. ನೆಟ್ಟು ಎಲ್ಲಿ ಹೋಗುತ್ತಿದೆ? ಯಾರೋ ತಿನ್ನುತ್ತಿದ್ದಾರೆ, ಅದರಲ್ಲಿ ಸಂಶಯವಿಲ್ಲ. ಯಾರು?

ಮೊದಲ ಆರೋಪಿ ಕಂಪನಿ. ‘ಎಂಟು ಎಂಬಿಪಿಎಸ್‌ವರೆಗೆ’ ಎಂದು ಬರೆದಿದ್ದಾರಲ್ಲ, ಆ ‘ವರೆಗೆ’ ಯಾಕೆ? ಸೊನ್ನೆಯೂ ಎಂಟರವರೆಗಿನ ದಾರಿಯಲ್ಲೇ ಬರುತ್ತದಲ್ಲವೇ? ಕಸ್ಟಮರ್ ಕೇರಿನ ಹೆಣ್ಣುಮಗಳು ‘ಮೋಡೆಮ್ ಆಫ್ ಮಾಡಿ ಆನ್ ಮಾಡಿ ಸರ್’ ಎಂದಳು. ಇಷ್ಟು ಸಿಹಿಯಾಗಿ ಮಾತಾಡುತ್ತಾಳೆಂದರೆ ಏನೋ ಮುಚ್ಚಿಡುತ್ತಿದ್ದಾಳೆ ಎಂದೇ ಅನ್ನಿಸಿತು.

ಎರಡನೆಯ ಆರೋಪಿ ಪಕ್ಕದ ಮನೆಯ ಈಶ್ವರ ಮಾಸ್ತರರು. ರಿಟೈರ್ ಆದವರು. ದಿನಾ ಸಂಜೆ ಸರಿಯಾಗಿ ಐದಕ್ಕೆ ಮೊಬೈಲ್ ಹಿಡಿದು ನಮ್ಮ ಕಂಪೌಂಡಿಗೆ ಒರಗಿ ನಿಲ್ಲುತ್ತಾರೆ. ಯಾಕೆ? ನಮ್ಮ ವೈಫೈ ಕದಿಯುವುದಕ್ಕಲ್ಲದೆ ಮತ್ಯಾಕೆ? ಮಂಗಳವಾರ ನಾನು ಪಾಸ್‌ವರ್ಡ್ ಬದಲಿಸಿದೆ. ಯಾರಿಗೂ ಹೇಳಲಿಲ್ಲ. ನೇತ್ರಾಳಿಗೂ ಹೇಳಲಿಲ್ಲ. ಕ್ಲಾಸಿನ ನಡುವೆ ಅವಳ ಲ್ಯಾಪ್‌ಟಾಪು ಪೂರಾ ಬಾಯಿ ಮುಚ್ಚಿತು. ಗೋಡೆಯಾಚೆ ಮಾಸ್ತರರು ಮಾತ್ರ ಮೊಬೈಲ್ ನೋಡಿ ಗಹಗಹಿಸಿ ನಗುತ್ತಿದ್ದರು.

ತಡೆಯಲಾರದೆ ಕೇಳಿಯೇಬಿಟ್ಟೆ. ‘ಮಾಸ್ತರೇ, ಎಂತ ನೋಡ್ತೀರಿ ಇಲ್ಲಿ ನಿಂತ್ಕೊಂಡು?’

‘ಮೊಮ್ಮಗಳು ಕಳ್ಸಿದ ಜೋಕು ಮಾರಾಯ. ಮನೆ ಒಳಗೆ ಕನ್ನಡ್ಕ ಹಾಕಿದ್ರೂ ಕಾಣೂದಿಲ್ಲ. ಇಲ್ಲಿ ಬೆಳಕು ಲಾಯ್ಕಿದೆ’ ಎಂದರು.

ನಂಬಿದೆನೆ? ಇಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಬುಧವಾರ ಇನ್ನೊಂದು ಪಾಸ್‌ವರ್ಡ್ ಹಾಕಿದೆ.

ಮೂರನೆಯ ಆರೋಪಿ ಲೈನ್‌ಮನ್ ಸುಬ್ರಾಯ. ಅವನು ಬುಧವಾರವೇ ಬಂದ, ಕರೆದ ದಿನವೇ. ಕರೆದ ದಿನವೇ ಬರುವ ಲೈನ್‌ಮನ್! ಇದಕ್ಕಿಂತ ಅನುಮಾನಾಸ್ಪದ ಸಂಗತಿ ಇನ್ನೇನಿದೆ ಹೇಳಿ?

ಸುಬ್ರಾಯ ಕಂಬದಿಂದ ಬಂದ ವೈರನ್ನು ಮಾಡಿನ ಕೆಳಗೆ ಬಿಚ್ಚಿ, ನಮ್ಮ ಮೋಡೆಮ್ಮನ್ನು ಅಲ್ಲೇ ಹೊರಗೆ ಜಗಲಿಯಲ್ಲಿ ಜೋಡಿಸಿ, ತನ್ನ ಮೊಬೈಲಿನಲ್ಲಿ ಸ್ಪೀಡ್ ನೋಡಿದ. ಏಳು ಇತ್ತು. ಅದನ್ನೇ ಒಳಗೆ ಮೊದಲಿನ ಜಾಗದಲ್ಲಿ ಇಟ್ಟು ನೋಡಿದ. ಒಂದಕ್ಕೂ ಕಡಿಮೆ.

‘ಹೊರಗೆ ಎಲ್ಲ ಸಮ ಇದೆ ಸರ್. ಮನೆ ಬಾಗ್ಲ ತನಕ ಬಂದದ್ದು ಒಳಗೇ ಎಲ್ಲೋ ಕರಗ್ತಾ ಇದೆ’ ಎಂದ. ಆಗಲೇ ಅವನು ಆ ಎಕ್ಸ್‌ಟೆನ್ಷನ್ ಪ್ರಶ್ನೆ ಕೇಳಿದ್ದು. ಆಗಲೇ ನಾನು ‘ಇಲ್ಲ’ ಅಂದದ್ದು.

‘ಹಂಗಾದ್ರೆ ಗೋಡೆ ವೈರಿಂಗು ಪೂರಾ ನೋಡ್ಬೇಕಾಗ್ತದೆ. ಗಾಳಿಗೆ ಹೊನ್ನಾವರ ಕಡೆ ಕಂಬ ಬಿದ್ದಿದೆ, ನಾಳೆ ನಾಡಿದ್ದು ಅಲ್ಲೇ. ಶನಿವಾರ ಮಧ್ಯಾಹ್ನ ಬತ್ತೆ, ಆತಾ?’ ಎಂದು ಹೊರಟ.

ಈಗ ತಪ್ಪೊಪ್ಪಿಗೆ.

ಎಕ್ಸ್‌ಟೆನ್ಷನ್ ಇತ್ತು. ಎಳೆದವನು ನಾನೇ.

ಇಪ್ಪತ್ತನಾಲ್ಕು ವರ್ಷದ ಹಿಂದಿನ ಮಾತು. ಮದುವೆಯಾಗಿ ಮೂರು ತಿಂಗಳು, ಮನೆಗೆ ಫೋನು ಬಂದು ಎರಡು ತಿಂಗಳು. ನೇತ್ರಾಳ ತವರು ಕುಮಟಾದ ಆಚೆ ತದಡಿ. ಅವರದು ಬೋಟು, ಮೀನಿನ ವ್ಯಾಪಾರ. ದಿನಾ ಸಂಜೆ ಅಲ್ಲಿಂದ ಅತ್ತೆಯವರ ಫೋನು ಬರುತ್ತಿತ್ತು. ಅರ್ಧ ತಾಸು. ನೇತ್ರಾ ನನಗೆ ಬೆನ್ನು ಹಾಕಿ ನಿಂತು ಪಿಸುಪಿಸು ಮಾತಾಡುತ್ತಿದ್ದಳು. ನಡುನಡುವೆ ನಗು. ನಾನು ಹತ್ತಿರ ಹೋದರೆ ನಗು ಬಂದ್. ಹೊಸ ಗಂಡನೊಬ್ಬನ ನಿದ್ದೆ ಕೆಡಲು ಇಷ್ಟು ಸಾಲದೇ? ಇವರು ನನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ. ಖಂಡಿತ. ಆದರೆ ಎಂತ ಮಾತಾಡುತ್ತಿದ್ದಾರೆ?

ನೇತ್ರಾ ಯಾವುದೋ ಮದುವೆಗೆಂದು ತವರಿಗೆ ಹೋದ ದಿನ, ಹೊನ್ನಾವರದಿಂದ ವೈರು ತಂದೆ. ಗೆಳೆಯನೊಬ್ಬನ ಹಳೇ ಫೋನು ತಂದೆ. ರೋಸೆಟ್ಟಿನಿಂದ, ಅಂದರೆ ಫೋನಿನ ತಂತಿ ಗೋಡೆಗೆ ಬಂದು ಸೇರುವ ಆ ಪುಟ್ಟ ಡಬ್ಬಿಯಿಂದ, ಇನ್ನೊಂದು ಎಳೆ ತೆಗೆದು ಗೋಡೆಯ ಮೂಲೆಯಲ್ಲೇ ಮೇಲೆ ಹತ್ತಿಸಿ, ಮೇಲೆ ಸುಣ್ಣ ಬಳಿದು ಅಟ್ಟಕ್ಕೆ ಒಯ್ದೆ. ಅಲ್ಲಿ ತೆಂಗಿನಕಾಯಿ ರಾಶಿಯ ಹಿಂದೆ ಒಂದು ಮಣೆ, ಮಣೆಯ ಮೇಲೆ ನಾನು, ನನ್ನ ಕಿವಿಗೆ ಫೋನು, ಫೋನಿನ ಬಾಯಿಗೆ ಉಸಿರು ಕೇಳದಂತೆ ಸುತ್ತಿದ ಬೈರಾಸು ಬಟ್ಟೆ.

ಆ ಜೂನ್, ಜುಲೈ ಎರಡು ತಿಂಗಳು ಕದ್ದು ಕೇಳಿದೆ. ಕೇಳಿಸಿದ್ದೇನು ಗೊತ್ತೇ? ಮೀನು. ಬಂಗಡೆ ಹೇಗೆ ಬಂತು, ತಾರ್ಲೆ ದಪ್ಪ ಇತ್ತಾ, ಶೆಟ್ಲಿ ಯಾರು ಕೊಟ್ಟದ್ದು. ದಿನಾ ಇದೇ. ಮೀನು ಬಿಟ್ಟರೆ ಮೀನು. ನಮ್ಮ ಮನೆಯವರು ಅಜ್ಜನ ಕಾಲಕ್ಕೇ ಗದ್ದೆ ಹಿಡಿದವರು. ಮೀನು ಅಂದರೆ ನನಗೆ ಬಟ್ಟಲಿಗೆ ಬಂದ ಮೇಲಷ್ಟೇ ಪರಿಚಯ. ಕೇಳಿ ಕೇಳಿ ಬೇಜಾರು ಬಂತು. ಪಾಪದವರು, ಸುಮ್ಮನೆ ಸಂಶಯಪಟ್ಟೆ ಅಂದುಕೊಂಡು ಇಬ್ಬರಿಗೂ ಮನಸ್ಸಿನಲ್ಲೇ ಕ್ಲೀನ್ ಚಿಟ್ ಕೊಟ್ಟೆ. ಫೋನನ್ನು ಗೆಳೆಯನಿಗೆ ವಾಪಸು ಮುಟ್ಟಿಸಿದೆ. ವೈರು ಮಾತ್ರ ಗೋಡೆಯಲ್ಲೇ ಉಳಿಯಿತು.

ಈಗ ಆ ವೈರನ್ನು ಹೆಂಡತಿಯ ಎದುರು ಲೈನ್‌ಮನ್ ಹಿಡಿಯುವವನಿದ್ದ. ನಾನೇನು ಮಾಡಬೇಕಿತ್ತು? ಬುಧವಾರವೇ ‘ನೋಡು ನೇತ್ರಾ, ಹೀಗೆ ಹೀಗೆ’ ಎಂದು ಹೇಳಿಬಿಡಬೇಕಿತ್ತು. ಐದು ನಿಮಿಷದ ನಾಚಿಕೆ, ಅಷ್ಟೇ. ಅದರ ಬದಲು ಗುರುವಾರ ಅವಳು ಪೇಟೆಗೆ ಹೋದ ಹೊತ್ತಿಗೆ ಇಕ್ಕಳ ಹಿಡಿದು ಅಟ್ಟ ಹತ್ತಿದೆ. ಅಲ್ಲಿ ಸುರುಳಿ ಸುತ್ತಿ ಬಿದ್ದಿದ್ದ ವೈರನ್ನಷ್ಟೇ ಕತ್ತರಿಸಿ ಜೇಬಿಗೆ ಹಾಕಿದೆ. ಸಾಕ್ಷ್ಯ ನಾಶವಾಯಿತು, ನೆಟ್ಟೂ ಸರಿಯಾಗುತ್ತದೆ ಎಂದು ಭಾವಿಸಿದೆ. ಏಣಿ ಇಳಿಯುವಾಗ ನೇತ್ರಾ ಚೀಲ ಹಿಡಿದು ಎದುರಿಗೇ ನಿಂತಿದ್ದಳು.

‘ಅಟ್ಟದಲ್ಲಿ ಎಂತ ಮಾಡ್ತಿದ್ರಿ?’

‘ಕಾಯಿ ನೋಡ್ತಿದ್ದೆ.’

‘ಹೌದಾ? ಹೆಂಗಿದ್ದೋ ಕಾಯಿ?’

‘ಚೆನ್ನಾಗಿವೆ’ ಎಂದೆ. ಅವಳು ಚೀಲ ಹಿಡಿದು ಒಳಗೆ ಹೋದಳು.

ನೆಟ್ಟು ಸರಿಯಾಗಲಿಲ್ಲ. ಆ ಸಂಜೆ ನಾನು ಬಾಗಿಲ ಮರೆಯಲ್ಲಿ ನಿಂತು ಕ್ಲಾಸು ಕೇಳಿದೆ. (ಹಳೇ ಚಾಳಿ.) ಯಾವುದೋ ಮಗು ಒಂದು ಸಾಲು ಓದಿತು, ನೇತ್ರಾ ತಿದ್ದಿದಳು, ಅದು ಅಲ್ಲಿಗೆ ತಲುಪುವ ಹೊತ್ತಿಗೆ ಮಗು ಇನ್ನೆಲ್ಲೋ ಇತ್ತು. ನಗು. ‘ಸಾರಿ ಮಕ್ಕಳೇ, ಇನ್ನೊಂದ್ಸಲ ಹೇಳ್ತೇನೆ’ ಎಂದಳು. ಒಂದು ತಾಸಿನಲ್ಲಿ ಏಳು ಸಲ ಸಾರಿ ಹೇಳಿದಳು. ನಾನು ಎಣಿಸಿದೆ. ಹದಿನೆಂಟು ವರ್ಷ ಮಕ್ಕಳನ್ನು ಬರೀ ಕಣ್ಣಲ್ಲೇ ಕೂರಿಸಿದ ಟೀಚರು ಅವಳು. ತಪ್ಪು ನನ್ನದು, ಕ್ಷಮೆ ಕೇಳುತ್ತಿರುವವಳು ಇವಳು. ನನಗೆ ನನ್ನ ಮೇಲೇ ಹೇಸಿಗೆ ಹುಟ್ಟಿತು. ಆದರೂ ಬಾಯಿ ಬಿಡಲಿಲ್ಲ. ಹೇಡಿ ಅನ್ನುವುದಕ್ಕೆ ಇದಕ್ಕಿಂತ ಅರ್ಹತೆ ಬೇಕೇ?

ಶನಿವಾರ ಸುಬ್ರಾಯ ಬಂದ. ರೋಸೆಟ್ಟಿನ ಮುಚ್ಚಳ ತೆಗೆದ. ಒಳಗೆ ಇಣುಕಿದ.

‘ಅಕ್ಕೋರೇ, ಸ್ವಲ್ಪ ಟಾರ್ಚು ಹಿಡೀರಿ. ಇಲ್ಲಿ ಎರಡು ಜೋಡಿ ವೈರು ಇದೆ. ಒಂದು ಫೋನಿಗೆ, ಮೋಡೆಮ್ಮಿಗೆ. ಇದು ಇನ್ನೊಂದು ಎಲ್ಲಿಗೆ ಹೋಗೂದು?’

ನೇತ್ರಾ ಟಾರ್ಚು ಹಿಡಿದಳು. ಸುಬ್ರಾಯ ಗೋಡೆಯ ಮೂಲೆಗುಂಟ ಬೆರಳು ಆಡಿಸುತ್ತ ಹೋದ. ಇಪ್ಪತ್ತನಾಲ್ಕು ವರ್ಷದ ಸುಣ್ಣ, ಅದರ ಮೇಲೆ ಡಿಸ್ಟೆಂಪರು, ಅದರ ಮೇಲೆ ಇನ್ನೊಂದು ಡಿಸ್ಟೆಂಪರು. ಆದರೂ ಉಬ್ಬು ತಪ್ಪಲಿಲ್ಲ. ಅವನ ಬೆರಳು ನಿಧಾನಕ್ಕೆ ಮೇಲೆ ಹತ್ತುತ್ತಿದ್ದರೆ ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿ.

ಏಣಿ ಹತ್ತಿದ ಸುಬ್ರಾಯ ಅಟ್ಟದಿಂದ ಕೂಗಿದ. ‘ಸಿಕ್ತು! ಇಲ್ಲಿಗೆ ಬಂದು ನಿಂತಿದೆ. ಪಕ್ಕದಲ್ಲಿ ಕೂತ್ಕೊಳ್ಳೂಕೆ ಮಣೆ ಸಹ ಇದೆ.’

ಮಣೆ! ಮಣೆಯನ್ನು ನಾನು ಮರೆತೇಬಿಟ್ಟಿದ್ದೆ.

‘ಮತ್ತೆ ಸರ್, ವೈರು ಹಳೇದು, ಕಿಲುಬು ಹಿಡ್ದು ಹಸ್ರಾಗಿದೆ. ಆದ್ರೆ ತುದಿ ಪಳಪಳ ಹೊಳೀತದೆ. ಇದು ಮೊನ್ನೆ ಮೊನ್ನೆ ಕತ್ತರಿಸಿದ್ದು.’

ಗಡಿಕಲ್ಲಿನ ಬುಡದ ಹಸಿ ಮಣ್ಣು. ಊರವರ ಕಳ್ಳತನವನ್ನು ಯಾವ ಗುರುತಿನಿಂದ ಹಿಡಿಯುತ್ತಿದ್ದೆನೋ ಅದೇ ಗುರುತಿನಿಂದ ಸಿಕ್ಕಿಬಿದ್ದೆ. ಮಾಡಿದ್ದುಣ್ಣೋ ಮಹಾರಾಯ.

ಸುಬ್ರಾಯ ಇಳಿದು ಬಂದು ವಿವರಿಸಿದ. ಬೇಡದ ವೈರು ಹೀಗೆ ತುದಿ ಬಿಟ್ಟುಕೊಂಡು ಇದ್ದರೆ ಸಿಗ್ನಲ್ಲಿನ ಒಂದು ಪಾಲು ಮೋಡೆಮ್ಮಿಗೆ ಹೋಗದೆ ಆ ಕಡೆ ತಿರುಗುತ್ತದಂತೆ. ಅಲ್ಲಿ ದಾರಿ ಇಲ್ಲದೆ ವಾಪಸು ಬಂದು ಹಿಂದಿನಿಂದ ಬರುವುದಕ್ಕೆ ಡಿಕ್ಕಿ ಹೊಡೆಯುತ್ತದಂತೆ. ‘ಮಳೆ ಹಸಿ, ಉಪ್ಪುಗಾಳಿ ಬೇರೆ. ಮೇಲಿನ ತುದಿ ಕತ್ತರಿಸಿದ್ರೆ ಎಂತ ಆತು? ಬುಡದಲ್ಲೇ ಬಿಡಿಸ್ಬೇಕು’ ಎಂದು ರೋಸೆಟ್ಟಿನಲ್ಲಿ ಆ ಜೋಡಿಯನ್ನು ಬಿಡಿಸಿ ಹೊರಗೆಳೆದ. ಮೋಡೆಮ್ಮನ್ನು ಅಲ್ಲಿಯೇ ಪಕ್ಕಕ್ಕೆ ತಂದು, ಫೋನಿಗೂ ಅದಕ್ಕೂ ನಡುವೆ ಹೊಸ ಸ್ಪ್ಲಿಟರ್ ಹಾಕಿದ. ಹತ್ತು ನಿಮಿಷದ ಕೆಲಸ.

‘ಬುಧವಾರ ಕೇಳಿದ್ರೆ ಎಕ್ಸ್‌ಟೆನ್ಷನ್ ಇಲ್ಲ ಅಂದ್ರಿ. ಅಟ್ಟಕ್ಕೆ ಫೋನು ಎಂತಕ್ಕೆ ಸರ್?’

ನಾನು ಬಾಯಿ ತೆರೆದೆ. ಹೊರಬಿದ್ದದ್ದು ನೇತ್ರಾಳ ಮಾತು.

‘ನಾನು ನನ್ನ ಆಯಿ ಹತ್ರ ಮಾತಾಡೂದು ಕೇಳ್ಲಿಕ್ಕೆ.’

ಸುಬ್ರಾಯ ಸ್ಕ್ರೂಡ್ರೈವರ್ ಹಿಡಿದು ನನ್ನ ಕಡೆ ತಿರುಗಿದ. ನಾನು ನೇತ್ರಾಳ ಕಡೆ.

‘ನಿನಗೆ ಗೊತ್ತಿತ್ತಾ?’

‘ಮೊದಲ್ನೇ ದಿನವೇ ಗೊತ್ತಾಯ್ತು. ನೀವು ಮೇಲೆ ಫೋನೆತ್ತಿದ ಕೂಡ್ಲೆ ಆಯಿ ಸ್ವರ ಬಾವಿಗೆ ಬಿದ್ದ ಹಾಗೆ ಸಣ್ಣ ಆಯ್ತು.’

‘ಹೌದು ಸರ್, ಒಂದೇ ಲೈನಲ್ಲಿ ಇನ್ನೊಬ್ರು ಎತ್ತಿದ್ರೆ ಸ್ವರ ಸಣ್ಣ ಆಗ್ತದೆ’ ಎಂದು ಸುಬ್ರಾಯ ತಾಂತ್ರಿಕ ಬೆಂಬಲ ಕೊಟ್ಟ.

‘ಮೇಲಿಂದ ಇವ್ರು ಕೆಮ್ಮಿದ್ದು ಬೇರೆ ಕೇಳ್ತಿತ್ತು. ಮಾರನೇ ದಿನ ಇವ್ರು ಆಫೀಸಿಗೆ ಹೋದ ಮೇಲೆ ಆಯಿ ಫೋನಲ್ಲಿ ಹೇಳಿದ್ಲು, ಅಳಿಯಂದ್ರಿಗೆ ಬೇಜಾರಾಗೂದು ಬೇಡ, ಅವ್ರು ಬಂದಾಗ ಮೀನಿನ ಸುದ್ದಿ ಮಾತಾಡ್ವ ಅಂತ.’

ಎರಡು ತಿಂಗಳು! ಎರಡು ತಿಂಗಳು ಕಾಯಿ ರಾಶಿಯ ಹಿಂದೆ ಬೆವರು ಸುರಿಸಿ ನಾನು ಕೇಳಿದ್ದು ನನಗಾಗಿಯೇ ನಡೆಸಿಕೊಟ್ಟ ಕಾರ್ಯಕ್ರಮ.

‘ಗೊತ್ತಿದ್ದೂ ನನಗ್ಯಾಕೆ ಹೇಳಲಿಲ್ಲ?’

‘ಹೇಳಿದ್ರೆ ನೀವು ಇನ್ನೂ ಒಳ್ಳೇ ಜಾಗ ಹುಡುಕ್ತಿದ್ರಿ.’ ಅವಳು ಟಾರ್ಚು ಆರಿಸಿದಳು. ಆಮೇಲೆ ನಗು ಇಲ್ಲದೆ ಹೇಳಿದಳು. ‘ಅದು ಬಿಡಿ, ಹಳೇದು. ಆಗ ನೀವೂ ಹುಡುಗ್ರು, ನಂಗೂ ನಗೆ ಬರ್ತಿತ್ತು. ಫೋನಿನ ಸಂಗ್ತಿಗೆ ವೈರೂ ಹೋಯ್ತು ಅಂದ್ಕೊಂಡಿದ್ದೆ. ಈಗ ಬುಧವಾರದಿಂದ ಗೊತ್ತಿದ್ದೂ ಬಾಯಿ ಮುಚ್ಕೊಂಡು ಕೂತ್ರಲ್ಲ, ಅದು ಸಮ ಆಗ್ಲಿಲ್ಲ. ಮಕ್ಕಳು ನನ್ನ ನೋಡಿ ನಗ್ತಿದ್ರು.’

‘ತಪ್ಪಾಯಿತು’ ಎಂದೆ. ಸುಬ್ರಾಯ ಪಾಪ, ಗೋಡೆಯ ಕಡೆ ತಿರುಗಿ ಬಿಗಿದಿದ್ದ ಸ್ಕ್ರೂವನ್ನೇ ಮತ್ತೆ ಬಿಗಿಯುತ್ತಿದ್ದ.

ಐದಕ್ಕೆ ಕ್ಲಾಸು. ನಾನು ಈ ಸಲ ಬಾಗಿಲ ಮರೆಯಲ್ಲಿ ನಿಲ್ಲಲಿಲ್ಲ, ಜಗಲಿಗೆ ಹೋಗಿ ಕೂತೆ. ಅಲ್ಲಿಗೂ ಕೇಳುತ್ತಿತ್ತು, ಅದಕ್ಕೆ ನಾನು ಹೊಣೆಯಲ್ಲ. ಫರೀದಾಳ ಮಗಳು ಇಡೀ ಒಂದು ಪಾಠವನ್ನು ಎಲ್ಲಿಯೂ ತುಂಡಾಗದೆ ಓದಿದಳು. ನೇತ್ರಾ ತಿದ್ದಿದ್ದು ಆ ಕ್ಷಣಕ್ಕೇ ತಲುಪಿತು. ಕೊನೆಗೆ ಫರೀದಾ ಬಂದು ‘ಟೀಚರ್, ನಿಮ್ಮ ಸೀರೆ ಅಂಚು ಸಹ ಕಾಣ್ತದೆ. ಮಂಗಳೂರಿನವರಿಗೆ ಬೇಡ ಹೇಳ್ತೇನೆ’ ಎಂದಳು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಗೋಡೆಯಾಚೆ ಈಶ್ವರ ಮಾಸ್ತರರು ಬೆಳಕಿಗೆ ಮೊಬೈಲ್ ಹಿಡಿದು ನಗುತ್ತಿದ್ದರು. ಕೈ ಎತ್ತಿ ನಮಸ್ಕಾರ ಮಾಡಿದೆ. ಯಾಕೆಂದು ಅವರಿಗೆ ತಿಳಿಯಲಿಲ್ಲ. ಈಗ ಅವರಿಗೆ ನನ್ನ ಮೇಲೆ ಅನುಮಾನ ಬಂದಿರಬೇಕು.

ಇಲ್ಲಿಗೆ ಮುಗಿಸಬಹುದಿತ್ತು. ಹಳೇ ಮನೆಗಳಲ್ಲಿರುವವರು ರೋಸೆಟ್ ಬಿಚ್ಚಿ ನೋಡಿ, ಬೇಡದ ಎಕ್ಸ್‌ಟೆನ್ಷನ್ ಇದ್ದರೆ ಬುಡದಲ್ಲೇ ಕತ್ತರಿಸಿ, ಸ್ಪೀಡು ತಾನಾಗಿ ಬರುತ್ತದೆ ಎಂದು ಒಂದು ಉಪಯುಕ್ತ ಸಲಹೆ ಕೊಟ್ಟು ಏಳಬಹುದಿತ್ತು.

ಆದರೆ ಭಾನುವಾರ ಬಂತು.

ಅತ್ತೆಗೆ ಈಗ ಎಪ್ಪತ್ತೆಂಟು. ವಿಡಿಯೊ ಕಾಲ್ ಮಾಡುತ್ತಾರೆ. ಹೊಸ ಸ್ಪೀಡಿನಲ್ಲಿ ಮೊದಲ ಸಲ ಅವರ ಮುಖ ಸ್ಪಷ್ಟವಾಗಿ ಬಂದಿತ್ತು. ಒಳಗೆ ಅಮ್ಮ ಮಗಳ ನಗುವೋ ನಗು. ನಾನು ಕದಿಯಲಿಲ್ಲ, ಮುಚ್ಚುಮರೆ ಮಾಡಲಿಲ್ಲ, ನೇರವಾಗಿ ನೇತ್ರಾಳಿಗೆ ಚಹಾ ಹಿಡಿದು ಒಳಗೆ ಹೋದೆ. ಪರದೆಯಲ್ಲಿ ಅತ್ತೆಯ ಕಣ್ಣು ಒಂದು ಸಲ ನನ್ನ ಕಡೆ ಹೊರಳಿದ್ದು ಕಂಡಿತು. ನಗು ನಿಂತಿತು.

‘ಮತ್ತೆಂತ ಆಯಿ, ನಮ್ಮ ಬೋಟಿಗೆ ಬಂಗಡೆ ಬಿತ್ತಾ ಇವತ್ತು?’ ಎಂದಳು ನೇತ್ರಾ.

‘ಬಿತ್ತು ಮಗಾ, ಬುಟ್ಟಿ ತುಂಬ! ತಾಜಾ ಅಂದ್ರೆ ತಾಜಾ’ ಎಂದರು ಅತ್ತೆ.

ಚಹಾ ಇಟ್ಟು ಹೊರಗೆ ಬಂದೆ. ಜಗಲಿಯಲ್ಲಿ ಕೂತ ಮೇಲೆ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಜೂನ್. ಪ್ರತಿ ವರ್ಷದಂತೆ ಮೀನುಗಾರಿಕೆಗೆ ಮಳೆಗಾಲದ ನಿಷೇಧ ಬಂದು, ಭಾವನ ಬೋಟು ಸೇರಿ ತದಡಿಯ ಬೋಟುಗಳೆಲ್ಲ ದಡ ಸೇರಿ ಎರಡು ವಾರವಾಗಿದೆ. ಇಪ್ಪತ್ತನಾಲ್ಕು ವರ್ಷದ ಹಿಂದೆ ನಾನು ಅಟ್ಟದಲ್ಲಿ ಕೂತು ಕೇಳಿದ್ದೂ ಜೂನ್, ಜುಲೈ.

ಬೋಟು ನೀರಿಗೇ ಇಳಿಯದ ಈ ದಿನಗಳಲ್ಲಿ ಅಮ್ಮ ಮಗಳ ಬುಟ್ಟಿಗೆ ಬೀಳುವ ಆ ತಾಜಾ ಬಂಗಡೆ ಯಾರು, ನಿಮಗೇನಾದರೂ ಗೊತ್ತಾಯಿತೇ?